ಜಗಲಿ ಮೇಲೆ ಕೂತು ಬರೆದ ಚರಿತ್ರೆ

ದಲಿತ ವಿಮರ್ಶೆಯ ಸಂಚಿಕೆಗೆ ಜೇಮ್ಸ್ ಆಂಥೊನಿ ಫ್ರೂಡ್ ಬಗ್ಗೆ ಬರೀತೀನಿ ಅಂದಾಗ ಗೆಳೆಯರೊಬ್ಬರು ನಕ್ಕುಬಿಟ್ಟರು. ಸತ್ತು ನೂರು ವರ್ಷ ದಾಟಿದ ಇಂಗ್ಲಿಷ್ ಪಾದ್ರಿಯೊಬ್ಬನ ಮಗನಿಗೂ ನಮ್ಮ ಕೇರಿಗೂ ಎಲ್ಲಿಯ ಸಂಬಂಧ, ನಮ್ಮ ಬಗ್ಗೆ ಬರೆಯೋದೇ ಬೇಕಾದಷ್ಟು ಬಾಕಿ ಇಲ್ವಾ ಅಂದರು. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರೆದವನ ಜಾತಿ ಯಾವುದು, ವರ್ಗ ಯಾವುದು ಎಂದು ಕೇಳುವುದನ್ನು ನಮ್ಮ ವಿಮರ್ಶೆ ಚೆನ್ನಾಗಿಯೇ ಕಲಿತಿದೆ. ಅದನ್ನು ಬಿಡಬೇಕಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆಯಿದೆ. ಬರೆಯುವಾಗ ಅವನು ಎಲ್ಲಿ ಕೂತಿದ್ದ? ಅವನ ಕೈಯಲ್ಲಿ ಯಾರ ಕಾಗದ ಇತ್ತು, ಕಿವಿಯಲ್ಲಿ ಯಾರ ಮಾತು ಇತ್ತು? ಒಬ್ಬನೇ ಮನುಷ್ಯ ಒಂದೇ ದಶಕದಲ್ಲಿ ಒಂದು ಮನೆಯ ಬಗ್ಗೆ ಬೇರೆಯವರು ಹೇಳಲು ಹೆದರುತ್ತಿದ್ದ ನಿಜವನ್ನು ಹೇಳಿದ, ಒಂದು ಇಡೀ ಜನದ ಬಗ್ಗೆ ಹಿಂದೆಮುಂದೆ ನೋಡದೆ ಸುಳ್ಳು ಬರೆದ. ಆ ಮನುಷ್ಯ ಫ್ರೂಡ್. ಅವನ ವರ್ಗ ಎರಡು ಸಲವೂ ಅದೇ ಇತ್ತು. ಬದಲಾದದ್ದು ಕೂತ ಜಾಗ.

ನಾನು ಅವನ ಹತ್ತಿರ ಹೋದದ್ದು ಅವನ ಗುರು ಥಾಮಸ್ ಕಾರ್ಲೈಲ್ ಮೂಲಕ. ಎಂ.ಎ. ತರಗತಿಯಲ್ಲಿ ನಮಗೆ ಕಾರ್ಲೈಲ್‌ನ ವೀರಾರಾಧನೆಯ ಉಪನ್ಯಾಸಗಳ ಮೇಲೆ ನೋಟ್ಸ್ ಬರೆಸಿದ್ದರು. 1841ರಲ್ಲಿ ಪುಸ್ತಕವಾಗಿ ಬಂದವು ಅವು. ಲೋಕದ ಚರಿತ್ರೆ ಅಂದರೆ ಮಹಾಪುರುಷರ ಚರಿತ್ರೆ, ಪ್ರಾಮಾಣಿಕತೆಯೇ ಮಹಾಪುರುಷನ ಗುರುತು, ಹೀಗೆ. ಬರೆದುಕೊಂಡೆವು, ಪರೀಕ್ಷೆಯಲ್ಲಿ ಕಕ್ಕಿದೆವು, ನಂಬರು ತಗೊಂಡೆವು. ಇದೇ ಕಾರ್ಲೈಲ್ 1849ರ ಡಿಸೆಂಬರ್‌ನಲ್ಲಿ ಫ್ರೇಸರ್ಸ್ ಮ್ಯಾಗಜೀನ್‌ನಲ್ಲಿ ನೀಗ್ರೋಗಳ ಪ್ರಶ್ನೆ ಕುರಿತು ಇನ್ನೊಂದು ಲೇಖನ ಬರೆದಿದ್ದಾನೆ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಅದು ಸಿಲಬಸ್ಸಿನಲ್ಲಿ ಇರಲಿಲ್ಲ.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1834ರ ಆಗಸ್ಟ್ 1ರಂದು. ಆಮೇಲೂ 1838ರವರೆಗೆ ‘ಅಪ್ರೆಂಟಿಸ್’ ಅನ್ನುವ ಹೆಸರಿನಲ್ಲಿ ಹಳೆಯ ಧಣಿಗಳ ಹತ್ತಿರವೇ ಬಿಟ್ಟಿ ದುಡಿತ. ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ. ಬೆನ್ನು ಮುರಿದುಕೊಂಡವರಿಗೆ ಒಂದು ಕಾಸೂ ಇಲ್ಲ. ಇಷ್ಟಾದ ಮೇಲೆ ಕಾರ್ಲೈಲ್‌ನ ತಕರಾರು ಏನಪ್ಪಾ ಅಂದರೆ, ಬಿಡುಗಡೆಯಾದ ಕರಿಯರು ಸಿಹಿಗುಂಬಳ ತಿಂದುಕೊಂಡು ಹಾಯಾಗಿ ಕೂತಿದ್ದಾರೆ, ಕಬ್ಬಿನ ತೋಟಗಳು ಹಾಳಾಗುತ್ತಿವೆ, ಇವರನ್ನು ಚಾಟಿ ತೋರಿಸಿ ದುಡಿಸಬೇಕು! 1976ರ ಜೀತ ನಿರ್ಮೂಲನೆ ಕಾಯಿದೆ ಬಂದ ಮೇಲೆ ನಮ್ಮೂರ ಜಗಲಿಗಳ ಮೇಲೆ ಕೇಳಿದ ಮಾತೂ ಇದೇ ತಾನೆ: ‘ಆಳುಗಳಿಗೆ ಕೊಬ್ಬು ಬಂದದೆ, ಕರದ್ರೆ ಬರಲ್ಲ.’ ಆ ಮಾತಿಗೆ ಅಲ್ಲಿ ಗದ್ಯದ ಗಾಂಭೀರ್ಯ ಇತ್ತು, ಇಲ್ಲಿ ಎಲೆಯಡಿಕೆ ಇತ್ತು.

ಜಾನ್ ಸ್ಟುವರ್ಟ್ ಮಿಲ್ ಮುಂದಿನ ತಿಂಗಳೇ, 1850ರ ಜನವರಿಯಲ್ಲಿ, ಅದೇ ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಕೊಟ್ಟ. ಈ ಮಿಲ್‌ನ ಹೆಸರನ್ನು ನೆನಪಿಟ್ಟುಕೊಂಡಿರಿ, ಕೊನೆಯಲ್ಲಿ ಮತ್ತೆ ಬರುತ್ತಾನೆ. 1865ರಲ್ಲಿ ಜಮೈಕಾದ ಮೊರಾಂಟ್ ಬೇಯಲ್ಲಿ ಕರಿಯ ರೈತರು ದಂಗೆಯೆದ್ದರು. ಗವರ್ನರ್ ಐರ್‌ನ ಸೈನ್ಯ 400ಕ್ಕೂ ಹೆಚ್ಚು ಜನರನ್ನು ಕೊಂದಿತು, ನೂರಾರು ಮನೆ ಸುಟ್ಟಿತು. ಪಾಲ್ ಬೋಗಲ್‌ನನ್ನು ಗಲ್ಲಿಗೆ ಹಾಕಿತು. ಐರ್‌ನ ಮೇಲೆ ಕೊಲೆ ಮೊಕದ್ದಮೆ ಹೂಡಬೇಕೆಂದ ಸಮಿತಿಗೆ ಮಿಲ್ ಮುಂದಾಳಾದ. ಐರ್‌ನನ್ನು ಕಾಪಾಡಲು ಕಾರ್ಲೈಲ್ ಸಮಿತಿ ಕಟ್ಟಿದ. ಡಿಕನ್ಸ್, ರಸ್ಕಿನ್, ಟೆನಿಸನ್ ಕಾರ್ಲೈಲ್ ಕಡೆ ನಿಂತರು. ನಾವು ಕಣ್ಣೀರು ಹಾಕಿಕೊಂಡು ಓದಿದ ಡಿಕನ್ಸ್!

ಈ ಕಾರ್ಲೈಲ್‌ನ ಪಟ್ಟಶಿಷ್ಯ ಫ್ರೂಡ್. ಹುಟ್ಟಿದ್ದು 1818ರಲ್ಲಿ, ಡೆವನ್ ಸೀಮೆಯಲ್ಲಿ. ಚಿಕ್ಕಂದಿನಲ್ಲೇ ತಾಯಿ ಹೋದಳು. ಅಪ್ಪ ಕಠಿಣ. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ದೊಡ್ಡ ಹುಡುಗರ ಕೈಯಲ್ಲಿ ಪಟ್ಟ ಹಿಂಸೆ ಸಣ್ಣದಲ್ಲ. 1849ರಲ್ಲಿ, ಅಂದರೆ ಕಾರ್ಲೈಲ್ ಆ ಲೇಖನ ಬರೆದ ವರ್ಷವೇ, ಧರ್ಮಶ್ರದ್ಧೆ ಕಳೆದುಕೊಂಡ ಪಾದ್ರಿಯೊಬ್ಬನ ಬಗ್ಗೆ ಫ್ರೂಡ್ ಒಂದು ಕಾದಂಬರಿ ಬರೆದ. ಆಕ್ಸ್‌ಫರ್ಡ್‌ನಲ್ಲಿ ಅವನಿದ್ದ ಕಾಲೇಜಿನ ಅಧ್ಯಾಪಕನೊಬ್ಬ ಅದನ್ನು ವಿದ್ಯಾರ್ಥಿಗಳ ಎದುರೇ ಬೆಂಕಿಗೆ ಹಾಕಿದ. ಫ್ರೂಡ್ ಕೆಲಸ ಬಿಟ್ಟ. ಏಟು ತಿಂದವನು, ಪುಸ್ತಕ ಸುಡಿಸಿಕೊಂಡವನು. ನೊಂದವನೇ ನೊಂದವರ ಪರ ನಿಲ್ಲುತ್ತಾನೆ ಎಂದು ನಾವು ಸುಲಭವಾಗಿ ನಂಬುತ್ತೇವಲ್ಲ, ಹಾಗೇನೂ ಇಲ್ಲ ಅನ್ನುವುದಕ್ಕೆ ಫ್ರೂಡ್ ಸಾಕ್ಷಿ.

ಆಮೇಲೆ ಅವನು ಚರಿತ್ರೆಕಾರನಾದ. ವುಲ್ಸಿಯ ಪತನದಿಂದ ಸ್ಪ್ಯಾನಿಷ್ ನೌಕಾಪಡೆಯ ಸೋಲಿನವರೆಗಿನ ಇಂಗ್ಲೆಂಡಿನ ಚರಿತ್ರೆಯನ್ನು 1856ರಿಂದ 1870ರವರೆಗೆ 12 ಸಂಪುಟಗಳಲ್ಲಿ ಬರೆದ. ಸ್ಪೇನಿನ ಸಿಮಾಂಕಾಸ್ ದಫ್ತರಖಾನೆಯವರೆಗೆ ಹೋಗಿ ಹಳೆ ಕಾಗದ ಕೆದಕಿದವನು, ಸೋಮಾರಿಯಲ್ಲ. ಫ್ರೀಮನ್ ಅನ್ನುವ ಇನ್ನೊಬ್ಬ ಚರಿತ್ರೆಕಾರ ವರ್ಷಗಟ್ಟಲೆ ಬೆನ್ನುಬಿದ್ದು ಇವನ ತಪ್ಪುಗಳನ್ನು ಹೆಕ್ಕಿ ತೋರಿಸಿದ. 1898ರಲ್ಲಿ ಲಾಂಗ್ಲ್ವಾ ಮತ್ತು ಸೆನ್ಯೊಬೊಸ್ ಎಂಬ ಫ್ರೆಂಚ್ ಪಂಡಿತರಿಬ್ಬರು, ಕಣ್ಣೆದುರಿಗಿದ್ದದ್ದನ್ನೇ ತಪ್ಪಾಗಿ ಬರೆಯುವ ಕಾಯಿಲೆಗೆ ‘ಫ್ರೂಡ್ ರೋಗ’ ಎಂದು ಹೆಸರಿಟ್ಟರು. ನನಗೆ ಕುತೂಹಲ ಇರುವುದು ಇಲ್ಲೇ. ತೇದಿ, ನಕಲು, ಹೆಸರುಗಳ ತಪ್ಪನ್ನು ಲೆಕ್ಕ ಹಾಕಿ ರೋಗ ಅಂದರು. ಒಂದು ಜನವನ್ನೇ ಜನವಲ್ಲ ಎಂದು ಬರೆದದ್ದು ಆ ಲೆಕ್ಕಕ್ಕೆ ಸೇರಲಿಲ್ಲ. ವಿದ್ವತ್ತಿನ ತಕ್ಕಡಿಯಲ್ಲಿ ಅದಕ್ಕೆ ಕಲ್ಲೇ ಇರಲಿಲ್ಲ.

1864ರ ಒಂದು ಉಪನ್ಯಾಸದಲ್ಲಿ ಫ್ರೂಡ್ ಚರಿತ್ರೆಯನ್ನು ಮಕ್ಕಳ ಅಕ್ಷರದ ಪೆಟ್ಟಿಗೆಗೆ ಹೋಲಿಸುತ್ತಾನೆ. ಬೇಕಾದ ಅಕ್ಷರ ಆರಿಸಿ ಜೋಡಿಸಿದರೆ ಬೇಕಾದ ಪದ ಆಗುತ್ತದೆ, ಬೇಡದ ಅಕ್ಷರದ ಗೊಡವೆಗೆ ಹೋಗದಿದ್ದರೆ ಆಯಿತು ಅನ್ನುವ ಅರ್ಥದಲ್ಲಿ. ಚರಿತ್ರೆಯನ್ನು ವಿಜ್ಞಾನ ಅನ್ನುವವರಿಗೆ ಹೇಳಿದ ಮಾತು ಅದು. ಚೆನ್ನಾಗಿಯೇ ಇದೆ. ಆದರೆ ಪೆಟ್ಟಿಗೆ ಯಾರ ಮನೆಯಲ್ಲಿದೆ ಅನ್ನುವ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಅಕ್ಷರವನ್ನೇ ಕೊಡದವರ ಎದುರು ಈ ಹೋಲಿಕೆಯನ್ನು ಇಟ್ಟು ನೋಡಿ.

ಈಗ ಆ ಮನೆಯ ಕಥೆಗೆ ಬರೋಣ. 1866ರಲ್ಲಿ ಕಾರ್ಲೈಲ್‌ನ ಹೆಂಡತಿ ಜೇನ್ ತೀರಿಕೊಂಡಳು. ಆಕೆಯ ಕಾಗದಗಳನ್ನು ಓದಿದಾಗಲೇ ಆ ಮುದುಕನಿಗೆ ತಾನು ಆಕೆಯನ್ನು ಹೇಗೆ ನಡೆಸಿಕೊಂಡಿದ್ದೆ ಅನ್ನುವುದು ಉರಿಯತೊಡಗಿತು. 1871ರಲ್ಲಿ ಆ ಕಾಗದದ ಕಟ್ಟನ್ನು ಫ್ರೂಡ್‌ನ ಕೈಗೆ ಕೊಟ್ಟ. ಕಾರ್ಲೈಲ್ 1881ರಲ್ಲಿ ಸತ್ತ ಮೇಲೆ ಫ್ರೂಡ್ ಮೊದಲು ಅವನ ನೆನಪುಗಳನ್ನು ಹೊರತಂದ. 1882 ಮತ್ತು 1884ರಲ್ಲಿ ಎರಡೆರಡು ಸಂಪುಟಗಳ ಜೀವನ ಚರಿತ್ರೆ ಬರೆದ. ನಡುವೆ 1883ರಲ್ಲಿ ಜೇನ್‌ಳ ಕಾಗದಗಳನ್ನೇ ಅಚ್ಚು ಹಾಕಿಸಿದ. ಇಂಗ್ಲೆಂಡ್ ತಲೆ ಮೇಲೆ ಕೈಹೊತ್ತು ಕೂತಿತು. ದೇಶವೆಲ್ಲ ಪ್ರವಾದಿ ಎಂದು ತಿಳಿದಿದ್ದವನು ಮನೆಯೊಳಗೆ ಸಿಡುಕ, ಸ್ವಾರ್ಥಿ, ತನ್ನ ಬರವಣಿಗೆಗಾಗಿ ಹೆಂಡತಿಯ ಜೀವವನ್ನು ಅರೆದವನು ಎಂದು ಗೊತ್ತಾಯಿತು. ಆಕೆ ದೊಡ್ಡ ಬುದ್ಧಿವಂತೆ; ಕಾಗದದಲ್ಲಿ ಆಕೆಯ ಕೈ ಗಂಡನ ಕೈಗಿಂತ ಚುರುಕು. ಆಕೆಯ ದಿನಚರಿಯಲ್ಲಿ ಮಣಿಕಟ್ಟಿನ ಮೇಲಿನ ನೀಲಿ ಗುರುತುಗಳ ಮಾತೂ ಇದೆ. ಫ್ರೂಡ್ ಅದನ್ನು ಬರೆದಿಟ್ಟಿದ್ದ ಟಿಪ್ಪಣಿ ಅವನು ಸತ್ತ ಮೇಲೆ, 1903ರಲ್ಲಿ ಅಚ್ಚಾಯಿತು. ಗುರುದ್ರೋಹಿ ಎಂದು ಬೈದರು, ಕಾರ್ಲೈಲ್‌ನ ಮನೆಯವರು ಜಗಳಕ್ಕೆ ನಿಂತರು. ಫ್ರೂಡ್ ಹಿಂದೆ ಸರಿಯಲಿಲ್ಲ. ಗುರುವನ್ನು ಪೂಜಿಸುತ್ತಲೇ ಗುರುವಿನ ಮನೆಯ ಬಾಗಿಲು ತೆರೆದಿಟ್ಟ. ನಾನು ಫ್ರೂಡ್‌ಗೆ ಕೈಮುಗಿಯುವುದಿದ್ದರೆ ಇಲ್ಲಿ ಮುಗಿಯುತ್ತೇನೆ.

ಅದು ಅವನಿಗೆ ಹೇಗೆ ಸಾಧ್ಯವಾಯಿತು? ಅವನ ಮುಂದೆ ಜೇನ್‌ಳ ಕಾಗದ ಇತ್ತು. ನೋವು ಉಂಡವಳ ಕೈಬರಹ ಮೇಜಿನ ಮೇಲಿತ್ತು. ಅದನ್ನು ಪಕ್ಕಕ್ಕಿಟ್ಟು ಬರೆಯಲು ಅವನ ಮನಸ್ಸು ಒಪ್ಪಲಿಲ್ಲ. ಆದರೆ ಇದೇ ಜೀವನ ಚರಿತ್ರೆಯಲ್ಲಿ ಕಾರ್ಲೈಲ್‌ನ ನೀಗ್ರೋ ಲೇಖನದ ಪ್ರಸ್ತಾಪ ಬಂದಾಗ ಫ್ರೂಡ್‌ನ ಧಾಟಿ ಬದಲಾಗುತ್ತದೆ. ಗುರು ಹೇಳಿದ್ದರ ಅರ್ಥ ಹಾಗಲ್ಲ ಹೀಗೆ ಎಂದು ಸಮಜಾಯಿಷಿ ಶುರು. ಹೆಂಡತಿಯ ಕಣ್ಣೀರಿಗೆ ಬೇಡವಾದ ಸಮಜಾಯಿಷಿ ಗುಲಾಮರ ಬೆನ್ನಿಗೆ ಬೇಕಾಯಿತು. ಜಮೈಕಾದಿಂದ ಯಾರ ಕಾಗದದ ಕಟ್ಟೂ ಅವನ ಮೇಜಿಗೆ ಬಂದಿರಲಿಲ್ಲವಲ್ಲ.

1886ರ ಕೊನೆಗೆ ಫ್ರೂಡ್ ಹಡಗು ಹತ್ತಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋದ. ಬಾರ್ಬಡೋಸ್, ಟ್ರಿನಿಡಾಡ್, ಡೊಮಿನಿಕಾ, ಜಮೈಕಾ, ಕ್ಯೂಬಾ ಎಲ್ಲ ಕೆಲವೇ ತಿಂಗಳಲ್ಲಿ ಮುಗಿಯಿತು. ಇಳಿದುಕೊಂಡದ್ದು ಬಹುಪಾಲು ಗವರ್ನರುಗಳ, ಅಧಿಕಾರಿಗಳ ಬಂಗಲೆಗಳಲ್ಲಿ. ಊರು ನೋಡಿದ್ದು ಗಾಡಿಯಲ್ಲಿ ಕೂತು. ಬಂದು 1888ರಲ್ಲಿ ಪುಸ್ತಕ ಬರೆದ: ವೆಸ್ಟ್ ಇಂಡೀಸ್‌ನಲ್ಲಿ ಇಂಗ್ಲಿಷರು. ಹೆಸರೇ ನೋಡಿ, ಅಲ್ಲಿರುವ ಜನ ಹೆಸರಿನಲ್ಲೇ ಇಲ್ಲ. ವಾದ ಏನು? ಕರಿಯರಿಗೆ ಮತದಾನ, ಸ್ವಯಮಾಡಳಿತ ಕೊಟ್ಟರೆ ದ್ವೀಪಗಳೆಲ್ಲ ಹೈಟಿಯಂತೆ ಹಾಳಾಗುತ್ತವೆ. ಬಿಳಿಯರು ಕರಿಯರ ಕೈಕೆಳಗೆ ಬಾಳಬೇಕಾಗುತ್ತದೆ. ಅಲ್ಲಿ ನಿಜವಾದ ಅರ್ಥದಲ್ಲಿ ಜನ ಅಂತ ಯಾರೂ ಇಲ್ಲ, ತಮ್ಮದೇ ಗುಣ, ತಮ್ಮದೇ ಗುರಿ ಇರುವ ಜನ. ಮತ್ತೆ ಪರಿಹಾರ? ಈ ದ್ವೀಪಗಳನ್ನು ಇಂಡಿಯಾವನ್ನು ಆಳುವ ಹಾಗೆ ಆಳಬೇಕು. ಯಾರನ್ನೂ ಏನೂ ಕೇಳದೆ ಆಳುವುದಕ್ಕೆ ಮಾದರಿ ನಾವು! ನಮ್ಮ ಕಡೆಯ ಓದುಗರಿಗೆ ಈ ಪುಸ್ತಕ ದೂರದ್ದು ಅನ್ನಿಸದಿರಲು ಇಷ್ಟೇ ಸಾಕು.

ಜಗಲಿಯ ವಿಚಾರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜಗಲಿ ಮೇಲಿಂದ ಕೇರಿ ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಯಾರು ಎಷ್ಟೊತ್ತಿಗೆ ಎದ್ದರು, ಯಾರ ಒಲೆ ಹೊಗೆಯಾಡಲಿಲ್ಲ ಎಲ್ಲ ಕಾಣುತ್ತದೆ. ಆದರೆ ಅಲ್ಲಿ ಕೂತವನಿಗೆ ಕೇಳುವುದು ಜಗಲಿಯ ಮಾತು ಮಾತ್ರ. ಫ್ರೂಡ್‌ನ ವರ್ಣನೆಗಳು ಸುಂದರವಾಗಿವೆ. ಮರ, ಸಮುದ್ರ, ನಗುವ ಕರಿಯ ಹೆಂಗಸರು, ತಲೆ ಮೇಲೆ ಬುಟ್ಟಿ. ಅವರಲ್ಲಿ ಒಬ್ಬಳನ್ನಾದರೂ ಕೂರಿಸಿಕೊಂಡು ನಿನ್ನ ಅಜ್ಜಿಯ ಕಥೆ ಏನವ್ವಾ ಎಂದು ಕೇಳಿದ ಪುಟ ನನಗೆ ಸಿಗಲಿಲ್ಲ.

ಈ ಪುಸ್ತಕಕ್ಕೆ ಉತ್ತರ ಬಂದದ್ದು ಲಂಡನ್ನಿನ ಪಂಡಿತರಿಂದಲ್ಲ. ಟ್ರಿನಿಡಾಡಿನ ಕರಿಯ ಮೇಷ್ಟ್ರೊಬ್ಬನಿಂದ. ಜಾನ್ ಜೇಕಬ್ ಥಾಮಸ್ ಹುಟ್ಟಿದ್ದು 1840ರ ಸುಮಾರಿಗೆ, ಗುಲಾಮಗಿರಿ ಕಳೆದ ಮೊದಲ ತಲೆಮಾರಿನಲ್ಲಿ. ಹಳ್ಳಿ ಶಾಲೆಯಲ್ಲಿ ಪಾಠ ಹೇಳುತ್ತಾ ಭಾಷೆಗಳನ್ನು ತಾನೇ ಕಲಿತ. 1869ರಲ್ಲಿ ತನ್ನ ಜನ ಆಡುವ ಕ್ರಿಯೋಲ್ ನುಡಿಗೆ ವ್ಯಾಕರಣ ಬರೆದ. ಅದು ಭಾಷೆಯೇ ಅಲ್ಲ, ಕೆಟ್ಟ ಫ್ರೆಂಚ್ ಎಂದು ದೊಡ್ಡವರು ಮೂಗು ಮುರಿಯುತ್ತಿದ್ದ ನುಡಿ. ಕೋರ್ಟಿನಲ್ಲಿ ಬಡವರ ಮಾತು ಸರಿಯಾಗಿ ಅರ್ಥವಾಗದೆ ಅನ್ಯಾಯವಾಗುತ್ತಿತ್ತು ಅನ್ನುವುದೂ ಆ ಕೆಲಸಕ್ಕೆ ಒಂದು ಕಾರಣ. ವ್ಯಾಕರಣ ಅಂದರೆ ಶುದ್ಧ-ಅಶುದ್ಧ ವಿಂಗಡಿಸುವ ಮಡಿ ಶಾಸ್ತ್ರ ಎಂದು ತಿಳಿದಿದ್ದ ನನಗೆ, ಕಟಕಟೆಯಲ್ಲಿ ನಿಂತವನನ್ನು ಕಾಪಾಡಲು ಬರೆದ ವ್ಯಾಕರಣವೂ ಉಂಟು ಎಂದು ತಿಳಿದದ್ದು ಆಗಲೇ.

ಫ್ರೂಡ್‌ನ ಪುಸ್ತಕ ಕೈಗೆ ಬಂದಾಗ ಥಾಮಸ್ ಗ್ರೆನೆಡಾದಲ್ಲಿದ್ದ. ಮೈಯೆಲ್ಲ ಕಾಯಿಲೆ, ಕಣ್ಣು ಮಂಜಾಗುತ್ತಿತ್ತು. ಅಲ್ಲಿನ ಪತ್ರಿಕೆಯಲ್ಲಿ ಸಾಲಾಗಿ ಉತ್ತರ ಬರೆದ. ಲಂಡನ್ನಿಗೆ ಹೋಗಿ 1889ರಲ್ಲಿ ಪುಸ್ತಕ ಮಾಡಿಸಿದ. ಹೆಸರು ‘ಫ್ರೂಡಾಸಿಟಿ’. ಫ್ರೂಡ್ ಅನ್ನುವ ಹೆಸರಿಗೆ ಉದ್ಧಟತನ ಅನ್ನುವ ಅರ್ಥದ ಅಡಾಸಿಟಿ ಪದವನ್ನು ಹೊಸೆದದ್ದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ಷಯದಿಂದ ಲಂಡನ್ನಿನಲ್ಲೇ ಸತ್ತ. ಮೂರು ವರ್ಷದ ನಂತರ, 1892ರಲ್ಲಿ, ಫ್ರೂಡ್ ಆಕ್ಸ್‌ಫರ್ಡ್‌ನಲ್ಲಿ ಚರಿತ್ರೆಯ ದೊಡ್ಡ ಪೀಠಕ್ಕೆ ಬಂದ, ತನ್ನ ತಪ್ಪು ಹೆಕ್ಕುತ್ತಿದ್ದ ಫ್ರೀಮನ್‌ನ ಜಾಗಕ್ಕೇ. ಅಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಒಂದು, ಆಫ್ರಿಕಾದಿಂದ ಗುಲಾಮರನ್ನು ಸಾಗಿಸಿದ ಹಾಕಿನ್ಸ್‌ನ ಸಾಹಸದ ಮೇಲೆ.

ಥಾಮಸ್‌ನ ಉತ್ತರದಲ್ಲಿ ಎರಡು ಸಂಗತಿ ನಮಗೆ ಮುಖ್ಯ. ಒಂದು, ಅವನು ಫ್ರೂಡ್‌ನ ಬಿಳಿ-ಕರಿ ಲೆಕ್ಕವನ್ನೇ ಒಪ್ಪುವುದಿಲ್ಲ. ಗುಲಾಮರನ್ನು ಇಟ್ಟುಕೊಂಡವರಲ್ಲಿ ಬಿಳಿಯರಲ್ಲದವರೂ ಇದ್ದರು ಎಂದು ತನ್ನವರಿಗೇ ಮುಜುಗರವಾಗುವ ನಿಜವನ್ನು ಮುಂದಿಡುತ್ತಾನೆ. ಟ್ರಿನಿಡಾಡಿನಲ್ಲಿ ಚುನಾವಣೆ ಬೇಕೆಂದವರು ಬರೀ ಕರಿಯರಲ್ಲ, ಹೀಗಿರುವಾಗ ಕರಿಯರು ಸೇಡು ತೀರಿಸಿಕೊಳ್ಳುತ್ತಾರೆ ಅನ್ನುವ ಭಯ ಎಲ್ಲಿಂದ ಬಂತು ಎಂದು ಕೇಳುತ್ತಾನೆ. ಎರಡು, ‘ಅಪವಾದ’ದ ವಾದ. ಬಾರ್ಬಡೋಸ್‌ನ ಮುಖ್ಯ ನ್ಯಾಯಾಧೀಶನಾಗಿದ್ದ ಕರಿಯ ಕಾನ್ರಾಡ್ ರೀವ್ಸ್‌ನನ್ನು ಫ್ರೂಡ್ ಹೊಗಳುತ್ತಾನೆ, ಆದರೆ ಅವನೊಬ್ಬ ಅಪವಾದ ಅನ್ನುತ್ತಾನೆ. ಈ ಹೊಗಳಿಕೆಯ ರುಚಿ ನಮಗೆ ಗೊತ್ತು. ‘ನೀವು ಬಿಡಿ ಸಾರ್, ನಿಮ್ಮವರ ಥರ ಅಲ್ಲ’ ಎಂದು ನಗುನಗುತ್ತಾ ಹೇಳಿಸಿಕೊಳ್ಳದ ದಲಿತ ಮೇಷ್ಟ್ರು, ದಲಿತ ಗುಮಾಸ್ತ ಯಾರಿದ್ದಾರೆ? ಒಬ್ಬನನ್ನು ಎತ್ತಿ ಹೊರಗಿಟ್ಟು ಉಳಿದವರನ್ನೆಲ್ಲ ತುಳಿಯುವ ಉಪಾಯ. ಥಾಮಸ್ ಆ ಉಪಾಯವನ್ನು ಹಿಡಿದು ಅಲುಗಾಡಿಸುತ್ತಾನೆ.

ಅವನಲ್ಲಿ ಕೊರತೆ ಇಲ್ಲವೆಂದಲ್ಲ. ಒಳ್ಳೆಯ ಗವರ್ನರ್ ಬಂದರೆ ಬ್ರಿಟಿಷ್ ನ್ಯಾಯ ನಡೆದೀತು ಅನ್ನುವ ನಂಬಿಕೆ ಅವನಿಗಿತ್ತು. ಅವನ ಇಂಗ್ಲಿಷ್ ಫ್ರೂಡ್‌ಗಿಂತ ಭಾರ. ಒಂದೊಂದು ವಾಕ್ಯ ದಾಟಲು ಉಸಿರು ಕಟ್ಟಬೇಕು. ಕ್ರಿಯೋಲ್‌ಗೆ ವ್ಯಾಕರಣ ಕೊಟ್ಟವನು ಉತ್ತರವನ್ನು ಧಣಿಯ ಭಾಷೆಯಲ್ಲಿ, ಅದೂ ಧಣಿಗಿಂತ ಹೆಚ್ಚು ಮಡಿಯಾಗಿ ಬರೆದ. ತಪ್ಪು ಹುಡುಕುವ ಕಣ್ಣು ಕಾದಿರುತ್ತದೆ ಎಂದು ಗೊತ್ತಿದ್ದವನ ಬರವಣಿಗೆ ಅದು. ನಾವು ಮೊದಲ ಸಲ ಯೂನಿವರ್ಸಿಟಿಗೆ ಹೋದಾಗ ಮಾತಾಡಿದ ಕನ್ನಡವನ್ನು ನೆನೆಸಿಕೊಂಡರೆ ಅವನ ಕಷ್ಟ ಅರ್ಥವಾಗುತ್ತದೆ.

ಮುಂದಿನ ಕಥೆಯೂ ಸ್ವಾರಸ್ಯವಾಗಿದೆ. ಟ್ರಿನಿಡಾಡಿಗೆ ಕೂಲಿಗಳಾಗಿ ಹೋದ ಭಾರತೀಯರ ಮನೆತನದಲ್ಲಿ ಹುಟ್ಟಿದ ನೈಪಾಲ್, 1962ರಲ್ಲಿ ಪ್ರವಾಸ ಕಥನ ಬರೆದಾಗ ಜನವೇ ಇಲ್ಲ ಅನ್ನುವ ಫ್ರೂಡ್‌ನ ಮಾತನ್ನು ಪುಸ್ತಕದ ಹಣೆಗೆ ಹಚ್ಚಿಕೊಂಡ. ಅದೇ ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್, ಹೈಟಿಯ ಗುಲಾಮರ ಕ್ರಾಂತಿಯ ಚರಿತ್ರೆಯನ್ನು 1938ರಲ್ಲೇ ಬರೆದವನು, 1969ರಲ್ಲಿ ಥಾಮಸ್‌ನ ಪುಸ್ತಕ ಮರುಮುದ್ರಣವಾದಾಗ ಮುನ್ನುಡಿ ಬರೆದ. ಒಂದೇ ದ್ವೀಪ. ಒಬ್ಬ ಜಗಲಿಯ ಮಾತನ್ನು ಎತ್ತಿಕೊಂಡ, ಇನ್ನೊಬ್ಬ ಅಂಗಳದ ಮಾತನ್ನು. ನೈಪಾಲ್‌ನನ್ನು ತಲೆ ಮೇಲೆ ಹೊತ್ತ ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ಥಾಮಸ್‌ನ ಹೆಸರು ಕೇಳಿದವರು ಎಷ್ಟು ಮಂದಿ?

ಕರಿಯರೊಂದಿಗೆ ನಮ್ಮ ನೆಂಟಸ್ತಿಕೆ 1972ರ ದಲಿತ್ ಪ್ಯಾಂಥರ್ಸ್‌ನಿಂದ ಶುರುವಾದದ್ದಲ್ಲ. 1873ರಲ್ಲಿ ಜೋತಿಬಾ ಫುಲೆ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ನೀಗ್ರೋಗಳ ಬಿಡುಗಡೆಗಾಗಿ ನಿಂತ ಅಮೆರಿಕದ ಸಜ್ಜನರಿಗೆ. ಸರಿಯಾಗಿ ಆ ವರ್ಷಗಳಲ್ಲೇ ಫ್ರೂಡ್, ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಜನಕ್ಕೆ ಸ್ವತಂತ್ರವಾಗಿರುವ ಹಕ್ಕೂ ಇಲ್ಲ ಎಂದು ವಾದಿಸುತ್ತಾ ಐರ್ಲೆಂಡಿನ ಚರಿತ್ರೆಯ ಮೂರು ಸಂಪುಟ ಬರೆಯುತ್ತಿದ್ದ.

ಕಾರ್ಲೈಲ್‌ನ ಮಹಾಪುರುಷನಿಗೆ ನಮ್ಮ ಕಡೆಯಿಂದ ನೇರ ಉತ್ತರ ಕೊಟ್ಟವರು ಬಾಬಾಸಾಹೇಬರು. 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆ ಅವರ ಕುರಿತು ಮಾಡಿದ ಭಾಷಣದಲ್ಲಿ ಕಾರ್ಲೈಲ್‌ನ ಪ್ರಾಮಾಣಿಕತೆಯ ಒರೆಗಲ್ಲನ್ನು ಕೈಗೆತ್ತಿಕೊಳ್ಳುತ್ತಾರೆ. ಅದು ಬೇಕು, ಆದರೆ ಅದೊಂದೇ ಸಾಲದು ಅನ್ನುತ್ತಾರೆ. ಮಹಾಪುರುಷನಿಗೆ ಸಮಾಜದ ಕೊಳೆ ತೊಳೆಯುವ ಉದ್ದೇಶ ಇರಬೇಕು. ಫ್ರೂಡ್‌ನನ್ನು ಓದಿದ ಮೇಲೆ ಈ ಮಾತು ನನಗೆ ಇನ್ನೂ ಬೇರೆಯಾಗಿ ಕೇಳಿಸಿತು. ಯಾಕೆಂದರೆ ಫ್ರೂಡ್ ಎರಡು ಕಡೆಯೂ ಪ್ರಾಮಾಣಿಕನೇ. ಕಾರ್ಲೈಲ್‌ನ ಮನೆಯಲ್ಲೂ, ಗವರ್ನರ್ ಬಂಗಲೆಯಲ್ಲೂ ತನಗೆ ನಿಜವೆನಿಸಿದ್ದನ್ನೇ ಬರೆದ. ಪ್ರಾಮಾಣಿಕತೆ ಅವನನ್ನು ಒಂದು ಕಡೆ ಉಳಿಸಿತು, ಇನ್ನೊಂದು ಕಡೆ ಉಳಿಸಲಿಲ್ಲ. ನಮ್ಮ ಹಿರಿಯ ಸಾಹಿತಿಗಳ ಬಗ್ಗೆ ‘ಪಾಪ, ಪ್ರಾಮಾಣಿಕವಾಗಿ ಬರೆದಿದ್ದಾರೆ’ ಎಂದು ವಕಾಲತ್ತು ಹೂಡುವ ವಿಮರ್ಶಕರಿಗೂ ಇದೇ ಉತ್ತರ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ವ್ಯಕ್ತಿಪೂಜೆಯ ವಿರುದ್ಧ ಎಚ್ಚರಿಸಿದರು. ಎಷ್ಟೇ ದೊಡ್ಡವನಾಗಲಿ, ನಿಮ್ಮ ಸ್ವಾತಂತ್ರ್ಯವನ್ನು ಅವನ ಪಾದದ ಬಳಿ ಇಡಬೇಡಿ ಎಂದರು. ಆ ಎಚ್ಚರಿಕೆಗೆ ಅವರು ನೆನೆದ ಹೆಸರು ಮಿಲ್‌ನದು. ಕಾರ್ಲೈಲ್‌ಗೆ ಉತ್ತರ ಬರೆದಿದ್ದ ಅದೇ ಮಿಲ್.

ನಾವು ಬಾಬಾಸಾಹೇಬರಿಗೆ ಹಾರ ಹಾಕುತ್ತೇವೆ, ಈ ಮಾತನ್ನು ಮಾತ್ರ ಮರೆತುಬಿಡುತ್ತೇವೆ. ನಮ್ಮ ಚಳವಳಿಯ ನಾಯಕರ ಮೇಲೆ ಬರುವ ಜೀವನ ಚರಿತ್ರೆಗಳನ್ನು ನೋಡಿ. ಹುಟ್ಟು, ಬಡತನ, ಓದು, ಹೋರಾಟ, ಜಾಥಾ, ಸನ್ಮಾನ. ಹೆಂಡತಿ ಒಂದು ಸಾಲಿನಲ್ಲಿ ಬಂದು ‘ತ್ಯಾಗಮಯಿ’ ಎನಿಸಿಕೊಂಡು ಒಳಗೆ ಹೋಗುತ್ತಾಳೆ. ಟೀಕಿಸಿದರೆ ಶತ್ರುಗಳಿಗೆ ಅಸ್ತ್ರ ಕೊಟ್ಟಂತೆ ಅನ್ನುತ್ತಾರೆ. ಆ ಭಯ ಸುಳ್ಳಲ್ಲ, ನಮ್ಮ ಒಂದು ತಪ್ಪಿಗೆ ಹತ್ತು ಬಾಯಿ ಕಾದಿರುತ್ತವೆ. ಆದರೂ ಆ ಚರಿತ್ರೆಗಳನ್ನು ಎಲ್ಲಿ ಕೂತು ಬರೆದರು ಅನ್ನುವ ಪ್ರಶ್ನೆಯಿಂದ ನಮಗೂ ಬಿಡುಗಡೆ ಇಲ್ಲ.

ಬೇರೆಯವರ ಮಾತು ಯಾಕೆ, ನನ್ನದೇ ಹೇಳುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ಚಳವಳಿ ಕಟ್ಟಿದ ಹಿರಿಯರೊಬ್ಬರು ತೀರಿಕೊಂಡಾಗ ಅರವತ್ತು ಪುಟದ ಪುಸ್ತಕ ಬರೆದೆ. ಮೂರು ತಿಂಗಳು ಓಡಾಡಿ ಸಂಗಾತಿಗಳನ್ನು, ವಕೀಲರನ್ನು, ಹಳೆ ಪೊಲೀಸ್ ಕೇಸುಗಳನ್ನು ಹುಡುಕಿದೆ. ಅವರ ಮನೆಯ ಜಗಲಿ ಮೇಲೆಯೇ ಕೂತು ಎಷ್ಟೋ ಟಿಪ್ಪಣಿ ಮಾಡಿಕೊಂಡೆ. ಒಳಗಿನಿಂದ ಟೀ ಬರುತ್ತಿತ್ತು. ಬಿಡುಗಡೆ ದಿನ ಪುಸ್ತಕವನ್ನು ಆ ಅವ್ವನ ಕೈಗೆ ಕೊಟ್ಟೆ. ಆಕೆಗೆ ಓದು ಬರುವುದಿಲ್ಲ. ಗಂಡನ ಫೋಟೋ ಇದ್ದ ಹಾಳೆಯನ್ನು ಸವರಿ ನೋಡಿ, ಸಿಟ್ಟಿಲ್ಲದೆ ಅಂದಳು: ‘ಮೂರು ತಿಂಗ ಬಂದ್ಯಲ್ಲ ಮಗಾ, ನನ್ನೇನೂ ಕೇಳ್ನೇ ಇಲ್ವಲ್ಲ ನೀನು.’

ಈಗ ಎರಡನೇ ಮುದ್ರಣ ಮಾಡೋಣ ಅನ್ನುತ್ತಿದ್ದಾರೆ ಗೆಳೆಯರು. 
ಅಚ್ಚಿನ ಮನೆಗೆ ಕೊಡುವುದನ್ನು ತಡೆದಿದ್ದೇನೆ. ಸುಗ್ಗಿ ಮುಗಿದ ಮೇಲೆ ಬಾ ಅಂದಿದ್ದಾಳೆ ಅವ್ವ, ಅಡುಗೆಮನೆಗೇ ಬಾ, ಹೊರಗೆ ಕೂತು ಕೇಳೋ ಮಾತಲ್ಲ ಅದು ಎಂದು.